ಬೀದರ್ ವಿಮಾನ ಮತ್ತೆ ನಿಲ್ಲುತ್ತದಾ? ಸರ್ಕಾರದ ದುಡ್ಡು ಯಾರಿಗೆ ಹೋಗುತ್ತದೆ?

ಪ್ರಶ್ನೆ: ನಾನು ಭಾಲ್ಕಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕ. ತಾಯಿಗೆ 68 ವರ್ಷ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿದಿದೆ. ಈಗ ಎರಡು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ರಾತ್ರಿಯಿಡೀ ರೈಲಿನಲ್ಲಿ ಹೋದರೆ ಅವರು ಎರಡು ದಿನ ಏಳುವುದಿಲ್ಲ. ಬೀದರ್‌ನಿಂದ ವಿಮಾನ ಇದ್ದಾಗ ನಮಗೆ ದೊಡ್ಡ ಆಸರೆ. ಆದರೆ ಅದು ಶುರುವಾಗುತ್ತದೆ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಸಬ್ಸಿಡಿ ನಿಂತರೆ ವಿಮಾನ ನಿಲ್ದಾಣವನ್ನೇ ಮುಚ್ಚುತ್ತಾರೆ ಅಂತ ಊರಲ್ಲಿ ಮಾತು. ಇತ್ತ ನಮ್ಮ ಸ್ಟಾಫ್ ರೂಮಿನಲ್ಲಿ ದಿನಾ ವಾದ. ಉಳ್ಳವರ ಓಡಾಟಕ್ಕೆ ನಮ್ಮ ತೆರಿಗೆ ಹಣ ಯಾಕೆ, ಅದೇ ದುಡ್ಡಲ್ಲಿ ಬಸ್ಸು ಬಿಡಲಿ ಅಂತ ಒಬ್ಬರು. ವಿಮಾನ ಇಲ್ಲದೆ ಬೀದರ್‌ಗೆ ಕಂಪನಿಗಳು ಬರುವುದಿಲ್ಲ ಅಂತ ಇನ್ನೊಬ್ಬರು. ನನಗೆ ಎರಡೂ ಸರಿ ಅನಿಸುತ್ತದೆ. ಇದರ ನಡುವೆ ನನ್ನ ತಮ್ಮ ಸಾಲ ಮಾಡಿ ನಿಲ್ದಾಣದ ಕಡೆ ಸೈಟು ಕೊಳ್ಳಲು ಹೊರಟಿದ್ದಾನೆ. ಸರ್ಕಾರ ಹೀಗೆ ಎಷ್ಟು ದಿನ ದುಡ್ಡು ಕೊಡಬಹುದು? ಕೊಡಬೇಕಾ? ಇದನ್ನು ನಂಬಿಕೊಂಡು ನಾವು ಇರಬಹುದಾ?

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಟ್ಟಿಗೆ ಇವೆ. ತಾಯಿಯನ್ನು ಮುಂದಿನ ಸಲ ಹೇಗೆ ಕರೆದುಕೊಂಡು ಹೋಗುವುದು ಅನ್ನುವುದು ಮನೆಯ ಚಿಂತೆ. ದುಡ್ಡು ಕೊಟ್ಟು ವಿಮಾನ ಓಡಿಸುವುದು ನ್ಯಾಯವಾ ಅನ್ನುವುದು ಊರಿನ ಚಿಂತೆ. ಸಣ್ಣ ವಿಮಾನ ನಿಲ್ದಾಣಗಳ ಆಡಳಿತದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವನು ನಾನು. ಮೊದಲು ಊರಿನ ಮಾತು ಮುಗಿಸಿ, ಆಮೇಲೆ ಮನೆಗೆ ಬರುತ್ತೇನೆ. ಯಾಕೆಂದರೆ ದುಡ್ಡು ಹೇಗೆ ಹರಿಯುತ್ತದೆ ಅಂತ ತಿಳಿದರೆ, ಎಷ್ಟು ನಂಬಬಹುದು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮುಚ್ಚುತ್ತಾರೆ ಅನ್ನುವ ಮಾತನ್ನು ಮೊದಲು ತೆಗೆದುಕೊಳ್ಳೋಣ. ಬೀದರ್‌ನ ಮಟ್ಟಿಗೆ ಅದು ಸರಿಯಲ್ಲ. ಅಲ್ಲಿನ ರನ್‌ವೇ ವಾಯುಪಡೆಯದ್ದು. ಹಾಕ್ ವಿಮಾನಗಳಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ದೊಡ್ಡ ನೆಲೆ ಅದು. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ಮನೆಯೂ ಅದೇ. ನಾಗರಿಕ ವಿಮಾನ ಬರಲಿ, ಬಿಡಲಿ, ಆ ರನ್‌ವೇ ನಡೆಯುತ್ತಲೇ ಇರುತ್ತದೆ. ನೀವು ನಾವು ಕಾಲಿಡುವುದು ಅದರ ಪಕ್ಕದ ಸಣ್ಣ ನಾಗರಿಕ ಟರ್ಮಿನಲ್‌ಗೆ. ವಿಮಾನ ನಿಂತರೆ ಖಾಲಿ ಬೀಳುವುದು ಆ ಟರ್ಮಿನಲ್.

ಇದು ಸುಮ್ನೆ ಪದಗಳ ವ್ಯತ್ಯಾಸ ಅಲ್ಲ. ವಿಮಾನ ನಿಲ್ದಾಣ ಉಳಿಸುವ ದುಡ್ಡು ಬೇರೆ, ವಿಮಾನ ಉಳಿಸುವ ದುಡ್ಡು ಬೇರೆ. ನಮ್ಮಲ್ಲಿ ಜನ ಸಬ್ಸಿಡಿ ಅಂತ ಕರೆಯುವ ಹಣ ಹೆಚ್ಚಾಗಿ ಎರಡನೆಯದು. ಅದು ಹೋಗುವುದು ವಿಮಾನ ಕಂಪನಿಗೆ. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಅದಕ್ಕೆ ವಿಜಿಎಫ್ ಅನ್ನುತ್ತಾರೆ. ಅಂದರೆ ಟಿಕೆಟ್ ಹಣಕ್ಕೂ ನಿಜವಾದ ಖರ್ಚಿಗೂ ನಡುವಿನ ಕೊರತೆ ತುಂಬುವ ಹಣ.

ಉಡಾನ್ ಶುರುವಾದದ್ದು 2016ರ ಅಕ್ಟೋಬರ್‌ನಲ್ಲಿ. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಶುರುವಿನಲ್ಲಿ ಯೋಜನೆಯ ಲೆಕ್ಕ ಸರಳವಾಗಿತ್ತು. ವಿಮಾನದ ಅರ್ಧದಷ್ಟು ಸೀಟುಗಳನ್ನು ಕಡಿಮೆ ದರಕ್ಕೆ ಕೊಡಬೇಕಿತ್ತು. ಆ ಸೀಟು ಕನಿಷ್ಠ 9, ಗರಿಷ್ಠ 40. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಶುರುವಿನಲ್ಲಿ ಇಟ್ಟ ಮಿತಿ 2,500 ರೂಪಾಯಿ. ಕಂಪನಿಗಳು ಹರಾಜಿನಲ್ಲಿ ತಮಗೆ ಎಷ್ಟು ನೆರವು ಬೇಕು ಅಂತ ಹೇಳುತ್ತವೆ. ಕಡಿಮೆ ಕೇಳಿದವರಿಗೆ ಆ ಮಾರ್ಗ. 3 ವರ್ಷ ನೆರವು ಸಿಗುತ್ತಿತ್ತು. ಅಷ್ಟು ದಿನ ಆ ಮಾರ್ಗದಲ್ಲಿ ಬೇರೆಯವರ ಪೈಪೋಟಿಯೂ ಇರುತ್ತಿರಲಿಲ್ಲ.

ಈ ಹಣದ ದೊಡ್ಡ ಪಾಲು ಬರುವುದು ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಹಾಕುವ ಒಂದು ಶುಲ್ಕದಿಂದ. ಬೆಂಗಳೂರಿನಿಂದ ದೆಹಲಿಗೆ ಹೋಗುವವರ ಟಿಕೆಟ್‌ನಲ್ಲಿ ಅದು ಸೇರಿಕೊಂಡಿರುತ್ತದೆ. ರಾಜ್ಯ ಸರ್ಕಾರದ ಪಾಲು 20 ಶೇಕಡಾ. ಅದರ ಜೊತೆಗೆ ರಾಜ್ಯ ಬೇರೆ ಭಾರವನ್ನೂ ಹೊರುತ್ತದೆ. ಇಂಥ ನಿಲ್ದಾಣಗಳಲ್ಲಿ ಪೊಲೀಸ್ ಭದ್ರತೆ, ಅಗ್ನಿಶಾಮಕ ಸೇವೆ ಉಚಿತ. ನೀರು, ವಿದ್ಯುತ್ ರಿಯಾಯಿತಿ ದರದಲ್ಲಿ. ವಿಮಾನ ಇಂಧನದ ಮೇಲಿನ ವ್ಯಾಟ್ 1 ಶೇಕಡಾ ಅಥವಾ ಕಡಿಮೆ. ಇದು ಸಣ್ಣ ವಿಷಯ ಅಲ್ಲ. ವಿಮಾನ ಇಂಧನ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ. ಕಂಪನಿಯ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬತ್ತು ಅದೇ.

ಹಾಗಾಗಿ ನಿಮ್ಮ ಸಹೋದ್ಯೋಗಿ ಹೇಳುವ 'ನಮ್ಮ ತೆರಿಗೆ ಹಣ' ಅನ್ನುವ ಮಾತು ಉಡಾನ್ ವಿಷಯದಲ್ಲಿ ಅರ್ಧ ನಿಜ. ಆದರೆ ಬೀದರ್‌ನ ಈಚಿನ ಕತೆಯಲ್ಲಿ ಅವರ ಮಾತಿಗೆ ತೂಕ ಜಾಸ್ತಿ. ಆ ಕತೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ.

ಬೀದರ್ ಟರ್ಮಿನಲ್ ಕಟ್ಟಿದ ಮೇಲೂ ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಿತ್ತು. ಹೈದರಾಬಾದ್ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣ ಬರಬಾರದು ಅನ್ನುವ ಷರತ್ತು ಇತ್ತು. ಕೊನೆಗೆ ಹೈದರಾಬಾದ್ ನಿಲ್ದಾಣ ನಡೆಸುವವರೇ ಬೀದರ್ ಟರ್ಮಿನಲ್ ನಡೆಸಲು ಒಪ್ಪಿದರು. 2020ರ ಫೆಬ್ರವರಿ 7ರಂದು ಟ್ರೂಜೆಟ್‌ನ ಮೊದಲ ವಿಮಾನ ಬಂತು. ಮುಂದಿನ ತಿಂಗಳೇ ಲಾಕ್‌ಡೌನ್. 2022ರ ಫೆಬ್ರವರಿಯಲ್ಲಿ ಟ್ರೂಜೆಟ್ ಕಂಪನಿಯ ಹಾರಾಟವೇ ನಿಂತಿತು. ಅದೇ ವರ್ಷ ಸ್ಟಾರ್ ಏರ್ ಬಂತು. 2023ರ ಕೊನೆಗೆ ಅದೂ ನಿಂತಿತು. ಆಮೇಲೆ ಒಂದು ವರ್ಷಕ್ಕೂ ಮೀರಿ ಬೀದರ್‌ಗೆ ವಿಮಾನವೇ ಇರಲಿಲ್ಲ. ರಾಜ್ಯ ಸರ್ಕಾರ ತಾನೇ ನೆರವು ಕೊಡಲು ಒಪ್ಪಿದ ಮೇಲೆ, 2025ರ ಏಪ್ರಿಲ್‌ನಲ್ಲಿ ಸ್ಟಾರ್ ಏರ್ ಮತ್ತೆ ಹಾರಿತು.

ಅಂದರೆ ಈಗ ಕೊರತೆ ತುಂಬುವವರು ದೆಹಲಿ ಪ್ರಯಾಣಿಕರಲ್ಲ, ನಮ್ಮ ರಾಜ್ಯ. ಇಂಥ ನೆರವಿಗೆ ಯಾವತ್ತೂ ಒಂದು ಗಡುವು ಇರುತ್ತದೆ. ಗಡುವು ಹತ್ತಿರ ಬಂದಾಗಲೆಲ್ಲ ಊರಲ್ಲಿ ಗಾಳಿಮಾತು ಏಳುತ್ತದೆ. ನಿಮ್ಮ ಕಿವಿಗೆ ಬಿದ್ದದ್ದೂ ಅದೇ.

ಇನ್ನು ಕೊರತೆ ಯಾಕೆ ಬರುತ್ತದೆ? ಕಂಪನಿ ದುರಾಸೆ ಮಾಡುತ್ತದೆ, ಅಧಿಕಾರಿಗಳು ತಿನ್ನುತ್ತಾರೆ ಅಂತ ಜನ ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಕಂಡ ಕಾರಣ ಅದಕ್ಕಿಂತ ಸಾದಾ. ಒಂದು ಲೆಕ್ಕ ಹಾಕೋಣ. ಇಲ್ಲಿನ ಅಂಕಿ ಬರೀ ಉದಾಹರಣೆಗೆ, ಯಾವ ಕಂಪನಿಯ ಪುಸ್ತಕದ್ದೂ ಅಲ್ಲ. 50 ಸೀಟಿನ ವಿಮಾನ. ಒಂದು ಕಡೆ ಹಾರಲು 2 ಲಕ್ಷ ರೂಪಾಯಿ ಖರ್ಚು ಅಂದುಕೊಳ್ಳಿ. 25 ಸೀಟು 2,500 ರೂಪಾಯಿಗೆ ಹೋದರೆ 62,500. ಉಳಿದ 25ರಲ್ಲಿ 12 ಸೀಟು 4,500ಕ್ಕೆ ಹೋದರೆ 54,000. ಕೈಗೆ ಬಂದದ್ದು 1,16,500. ಕೊರತೆ 83,500. ಸರಿ, ವಿಮಾನ ಪೂರ್ತಿ ತುಂಬಿತು ಅನ್ನೋಣ. ಆಗ 1,75,000. ಇನ್ನೂ 25,000 ಕಡಿಮೆ!

ವಿಮಾನ ತುಂಬಿ ಹೋಗುತ್ತಿತ್ತು, ಆದರೂ ನಿಲ್ಲಿಸಿದರು ಅಂತ ಜನ ಬೈಯುವುದನ್ನು ನಾನು ಹಲವು ಸಲ ಕೇಳಿದ್ದೇನೆ. ಅವರು ಕಂಡದ್ದು ಸುಳ್ಳಲ್ಲ. ಸಣ್ಣ ವಿಮಾನದಲ್ಲಿ ತುಂಬುವುದೇ ಸಾಲದು. ಪೈಲಟ್ ಸಂಬಳ, ವಿಮಾನದ ಬಾಡಿಗೆ, ರಿಪೇರಿ ಇವೆಲ್ಲ ಕಡಿಮೆ ಸೀಟಿನ ಮೇಲೆ ಹಂಚಿಹೋಗುತ್ತವೆ. ಒಂದೊಂದು ಸೀಟಿಗೂ ಭಾರ ಜಾಸ್ತಿ. ದೊಡ್ಡ ವಿಮಾನ ತರೋಣ ಅಂದರೆ ತುಂಬಲು ಅಷ್ಟು ಜನ ಇಲ್ಲ.

ನಿಲ್ದಾಣದ ಕಡೆಯಿಂದಲೂ ಇದೇ ತೊಂದರೆ. ದಿನಕ್ಕೆ ಒಂದೇ ವಿಮಾನ ಬಂದರೂ ಬೆಂಕಿ ಆರಿಸುವ ವಾಹನ ಸಿದ್ಧವಿರಬೇಕು. ಅದು ಯಾವ ದರ್ಜೆಯದ್ದು ಅನ್ನುವುದನ್ನು ಮುಖ್ಯವಾಗಿ ವಿಮಾನದ ಉದ್ದ ನೋಡಿ ತೀರ್ಮಾನಿಸುತ್ತಾರೆ, ಒಳಗೆ ಎಷ್ಟು ಜನ ಕೂತಿದ್ದಾರೆ ಅಂತ ನೋಡಿ ಅಲ್ಲ. ಎಕ್ಸ್‌ರೇ ಯಂತ್ರ ಬೇಕು, ತಪಾಸಣೆಗೆ ತರಬೇತಿ ಪಡೆದವರು ಬೇಕು. ಒಂದು ವಿಮಾನಕ್ಕೂ ಅಷ್ಟೇ ಜನ, ನಾಲ್ಕು ವಿಮಾನಕ್ಕೂ ಹೆಚ್ಚು ಕಡಿಮೆ ಅಷ್ಟೇ ಜನ. ಬೀದರ್‌ನಲ್ಲಿ ರನ್‌ವೇ ಮತ್ತು ವಿಮಾನ ಸಂಚಾರ ನಿಯಂತ್ರಣ ವಾಯುಪಡೆಯದ್ದಾದ್ದರಿಂದ ಈ ಭಾರ ಸ್ವಲ್ಪ ಹಗುರ. ಕಲಬುರಗಿಯಂಥ ಕಡೆ 3 ಕಿಲೋಮೀಟರ್‌ಗೂ ಉದ್ದದ ರನ್‌ವೇಯನ್ನೂ ನಿಲ್ದಾಣವೇ ನೋಡಿಕೊಳ್ಳಬೇಕು.

ನಾನು ಕೆಲಸ ಮಾಡಿದ ಒಂದು ಸಣ್ಣ ನಿಲ್ದಾಣದಲ್ಲಿ ಸುಮಾರು ಒಂದು ವರ್ಷ ವಿಮಾನ ಇರಲಿಲ್ಲ. ಎಕ್ಸ್‌ರೇ ಯಂತ್ರಕ್ಕೆ ಟಾರ್ಪಾಲು ಹೊದಿಸಿದ್ದೆವು. ವಾರಕ್ಕೊಮ್ಮೆ ತೆಗೆದು ಚಾಲೂ ಮಾಡಿ ನೋಡುತ್ತಿದ್ದೆವು. ರನ್‌ವೇ ಅಂಚಿನ ಹುಲ್ಲು ಕೊಯ್ಯುವುದು ತಪ್ಪಲಿಲ್ಲ. ನಾಯಿ ಒಳಗೆ ಬರದ ಹಾಗೆ ಬೇಲಿ ಸುತ್ತುವುದು ತಪ್ಪಲಿಲ್ಲ. ಆಮೇಲೆ ಒಂದು ದಿನ ವಿಮಾನ ಬರುತ್ತದೆ ಅಂತ ಪತ್ರ ಬಂತು. ನೋಡಿದರೆ ತಪಾಸಣೆ ಸಿಬ್ಬಂದಿಯ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಮತ್ತೆ ತರಬೇತಿ, ಮತ್ತೆ ಪರೀಕ್ಷೆ. ಸಾಮಾನು ಸಾಗಿಸಲು ಕಲಿತಿದ್ದ ಹುಡುಗರು ಪುಣೆಗೆ ಹೋಗಿಬಿಟ್ಟಿದ್ದರು. ಅವರಲ್ಲಿ ಒಬ್ಬನಿಗೆ ಫೋನ್ ಮಾಡಿದಾಗ, 'ಸರ್, ಈ ಸಲ ಎಷ್ಟು ತಿಂಗಳು?' ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಲ್ಲಿಸಿ ಶುರುಮಾಡುವುದರ ಖರ್ಚು ಯಾವ ಸಬ್ಸಿಡಿ ಕಾಗದದಲ್ಲೂ ಕಾಣುವುದಿಲ್ಲ. ಪ್ರಯಾಣಿಕರ ನಂಬಿಕೆಯೂ ಹೀಗೇ ಪುಣೆಗೆ ಹೋದ ಹುಡುಗರ ಹಾಗೆ. ಒಮ್ಮೆ ಹೋದರೆ ಕರೆದ ತಕ್ಷಣ ಬರುವುದಿಲ್ಲ.

ಹಾಗಾದರೆ ಉಡಾನ್ ಸೋತಿತಾ? ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡುವ ಸಿಎಜಿ 2023ರಲ್ಲಿ ಕೊಟ್ಟ ವರದಿಯಲ್ಲಿ ಖಾರವಾದ ಅಂಕಿ ಇದೆ. ಯೋಜನೆಯ ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ 3 ವರ್ಷ ಪೂರ್ತಿ ನಡೆದದ್ದು 112. ನೆರವು ಮುಗಿದ ಮೇಲೂ 2023ರ ಮಾರ್ಚ್‌ನಲ್ಲಿ ಹಾರುತ್ತಿದ್ದದ್ದು 54 ಮಾತ್ರ. ಇದನ್ನು ನೋಡಿ ಕೆಲವರು ಎಲ್ಲ ದುಡ್ಡೂ ನೀರಿಗೆ ಹೋಯಿತು ಅನ್ನುತ್ತಾರೆ. ನಾನು ಹಾಗೆ ಓದುವುದಿಲ್ಲ. ನಡುವೆ ಕೋವಿಡ್ ಬಂದು ಹೋಯಿತು. ಆದರೆ ಮೂರು ವರ್ಷದಲ್ಲಿ ಸಣ್ಣ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ ಅನ್ನುವ ನಂಬಿಕೆ ಹೆಚ್ಚಿನ ಕಡೆ ತಪ್ಪಾಯಿತು ಅಂತ ಖಂಡಿತ ಹೇಳಬಹುದು.

ಬೇರೆ ದೇಶಗಳ ಅನುಭವವೂ ಇದೇ. ಅಮೆರಿಕದಲ್ಲಿ 1978ರಲ್ಲಿ ವಿಮಾನ ಕಂಪನಿಗಳ ಮೇಲಿನ ಸರ್ಕಾರದ ಹಿಡಿತ ಸಡಿಲವಾಯಿತು. ಸಣ್ಣ ಊರುಗಳಿಗೆ ವಿಮಾನ ತಪ್ಪಬಾರದು ಅಂತ ಎಸೆನ್ಷಿಯಲ್ ಏರ್ ಸರ್ವಿಸ್ ಅನ್ನುವ ನೆರವು ತಂದರು. ಮೊದಲು ಅಂದುಕೊಂಡದ್ದು 10 ವರ್ಷಕ್ಕೆ. ಅದು ಇವತ್ತಿಗೂ ನಡೆಯುತ್ತಿದೆ. ಯುರೋಪಿನಲ್ಲಿ 2014ರಲ್ಲಿ ಸಣ್ಣ ನಿಲ್ದಾಣಗಳಿಗೆ 10 ವರ್ಷದ ಗಡುವು ಕೊಟ್ಟರು. ಅಷ್ಟರಲ್ಲಿ ನಿಮ್ಮ ಖರ್ಚು ನೀವು ದುಡಿದುಕೊಳ್ಳಿ ಅಂದರು. ಗಡುವು ಮುಗಿಯುವ ಮೊದಲೇ ಅದನ್ನು 2027ರವರೆಗೆ ಮುಂದೂಡಬೇಕಾಯಿತು. ವರ್ಷಕ್ಕೆ 2 ಲಕ್ಷ ಪ್ರಯಾಣಿಕರೂ ಇಲ್ಲದ ನಿಲ್ದಾಣಗಳನ್ನು ಅವರು ಬೇರೆಯಾಗಿಯೇ ನೋಡುತ್ತಾರೆ. ನಡೆಸುವ ಖರ್ಚಿಗೂ ಸರ್ಕಾರ ನೆರವಾಗಬಹುದು ಅಂತ ಅವುಗಳಿಗೆ ಸಡಿಲ ನಿಯಮ ಇದೆ. 50 ಸೀಟಿನ ಒಂದು ವಿಮಾನ ಬೀದರ್‌ಗೆ ವರ್ಷದ 365 ದಿನವೂ ಬಂದು ಹೋದರೂ ಒಟ್ಟು ಸೀಟು 36,500. ಎರಡು ಲಕ್ಷ ಎಲ್ಲಿ, ಇದೆಲ್ಲಿ!

ಹಾಗಾಗಿ ಎಷ್ಟು ದಿನ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ: ಬೀದರ್‌ಗೆ ವಿಮಾನ ಬೇಕು ಅಂದರೆ ನೆರವು ಬಹಳ ವರ್ಷ ಬೇಕು. ಇನ್ನೊಂದೇ ವರ್ಷ ಸಾಕು ಅಂತ ಯಾರಾದರೂ ವೇದಿಕೆಯ ಮೇಲೆ ಹೇಳಿದರೆ ನಂಬಬೇಡಿ.

ಆದರೆ ಕೊಡಬೇಕಾ? ಇಲ್ಲಿ ಊರೂರಿಗೆ ಉತ್ತರ ಬೇರೆ. ಮೈಸೂರಿನವರು ಬೆಂಗಳೂರಿಗೆ ವಿಮಾನ ಬೇಕು ಅಂತ ಸರ್ಕಾರದ ಹಣ ಕೇಳಿದರೆ ನಾನು ಬೇಡ ಅನ್ನುತ್ತೇನೆ. ಹತ್ತು ಪಥದ ಹೆದ್ದಾರಿ ಇದೆ, ಬೆಳಗಿನಿಂದ ರಾತ್ರಿವರೆಗೆ ರೈಲಿದೆ. ಕಲಬುರಗಿಗೆ 2024ರ ಮಾರ್ಚ್‌ನಿಂದ ವಂದೇ ಭಾರತ್ ಇದೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನ ಬೆಂಗಳೂರು. ಆ ಊರಿನ ಲೆಕ್ಕ ಅದರಿಂದ ಬದಲಾಗಿದೆ. ಬೀದರ್ ಹಾಗಲ್ಲ. ರಾಜಧಾನಿಯಿಂದ ಸುಮಾರು 700 ಕಿಲೋಮೀಟರ್ ದೂರ. ರಾಜ್ಯದ ನೆತ್ತಿಯ ಮೇಲಿನ ಜಿಲ್ಲೆ. ಒಂದು ಸಹಿಗೆ, ಒಂದು ತಪಾಸಣೆಗೆ, ಒಂದು ಸಂದರ್ಶನಕ್ಕೆ ಎರಡು ರಾತ್ರಿ ಕಳೆಯಬೇಕು. ತನ್ನ ರಾಜಧಾನಿಗೆ ಒಂದೇ ದಿನದಲ್ಲಿ ಹೋಗಿ ಬರುವ ದಾರಿ ಒಂದು ಜಿಲ್ಲೆಗೆ ಇರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ತಂದದ್ದೂ ಈ ಭಾಗದ ಹಿಂದುಳಿದಿರುವಿಕೆಯನ್ನು ಒಪ್ಪಿಕೊಂಡೇ ಅಲ್ವಾ?

ನಿಮ್ಮ ಸಹೋದ್ಯೋಗಿಯ ಬಸ್ಸಿನ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ವಿಮಾನ ಹತ್ತದವರೇ ಬೀದರ್‌ನಲ್ಲಿ ಜಾಸ್ತಿ. ಒಂದು ಕೋಟಿ ರೂಪಾಯಿ ವಿಮಾನಕ್ಕೆ ಹೋದರೆ ಆ ಕೋಟಿ ಶಾಲೆಯ ಕೊಠಡಿಗೆ ಹೋಗುವುದಿಲ್ಲ. ಅದಕ್ಕೇ ನಾನು ಕೇಳುವ ಪ್ರಶ್ನೆ ಬೇರೆ: ಈ ದುಡ್ಡಿಗೆ ನಾವು ಏನನ್ನು ಕೊಳ್ಳುತ್ತಿದ್ದೇವೆ? ದಿನಕ್ಕೊಂದು ವಿಮಾನವನ್ನಾ, ಇಲ್ಲ ಒಂದೇ ದಿನದಲ್ಲಿ ಹೋಗಿ ಬರುವ ಅನುಕೂಲವನ್ನಾ?

ಇವೆರಡೂ ಒಂದೇ ಅಲ್ಲ. ಇಲ್ಲೇ ನಮ್ಮ ಸಣ್ಣ ನಿಲ್ದಾಣಗಳು ಸೋಲುವುದು. ಕಂಪನಿಯ ವಿಮಾನ ರಾತ್ರಿ ನಿಲ್ಲುವುದು ದೊಡ್ಡ ಊರಿನಲ್ಲಿ. ಬೆಳಿಗ್ಗೆ ಮತ್ತು ಸಂಜೆಯ ಒಳ್ಳೆಯ ಹೊತ್ತನ್ನು ಲಾಭದ ಮಾರ್ಗಕ್ಕೆ ಇಟ್ಟುಕೊಳ್ಳುತ್ತಾರೆ. ನಡುವೆ ಉಳಿದ ಹೊತ್ತಿನಲ್ಲಿ ಸಣ್ಣ ಊರಿಗೆ ಬಂದು ಹೋಗುತ್ತಾರೆ. ಅದು ಅವರ ತಪ್ಪಲ್ಲ, ಅವರ ವ್ಯಾಪಾರ ಹಾಗಿದೆ. ಆದರೆ ಮಧ್ಯಾಹ್ನದ ವಿಮಾನದಲ್ಲಿ ಹೋದ ರೋಗಿಗೆ ಅವತ್ತು ಡಾಕ್ಟರು ಸಿಗುವುದಿಲ್ಲ. ವ್ಯಾಪಾರಿ ರಾತ್ರಿ ಲಾಡ್ಜಿನಲ್ಲಿ ಉಳಿಯಬೇಕು. ಆಗ ಅವನು, ಇದಕ್ಕಿಂತ ಹೈದರಾಬಾದ್ ವಾಸಿ ಅನ್ನುತ್ತಾನೆ. ಬೀದರ್‌ನಿಂದ ಹೈದರಾಬಾದ್ ಸುಮಾರು 150 ಕಿಲೋಮೀಟರ್. ಮೂರು ತಾಸು ಕಾರಿನಲ್ಲಿ ಹೋದರೆ ಶಂಶಾಬಾದ್‌ನ ಹೈದರಾಬಾದ್ ನಿಲ್ದಾಣದಿಂದ ಬೆಂಗಳೂರಿಗೆ ದಿನವಿಡೀ ವಿಮಾನ. ಒಂದು ತಪ್ಪಿದರೆ ಇನ್ನೊಂದು. ಬೀದರ್‌ನ ನಿಜವಾದ ಪೈಪೋಟಿ ರೈಲಿನ ಜೊತೆಗಿಂತ ಅದರ ಜೊತೆ.

ನಾನಿದ್ದ ನಿಲ್ದಾಣದಲ್ಲಿ ಒಮ್ಮೆ ವಿಮಾನದ ಹೊತ್ತು ಮಧ್ಯಾಹ್ನದಿಂದ ಬೆಳಿಗ್ಗೆಗೆ ಬಂತು. ದರ ಅದೇ, ವಿಮಾನ ಅದೇ. ಎರಡು ವಾರದಲ್ಲಿ ಬರುವ ಮುಖಗಳೇ ಬದಲಾದವು. ಕೈಯಲ್ಲಿ ಫೈಲು ಹಿಡಿದ ವಕೀಲರು, ಎಕ್ಸ್‌ರೇ ಕವರು ಹಿಡಿದ ಮುದುಕರು, ಅಂಗಡಿ ಮಾಲೀಕರು. ಮಳೆಗಾಲದಲ್ಲಿ ಹೊತ್ತು ಮತ್ತೆ ಬದಲಾಯಿತು. ಅವರೂ ಹೋದರು.

ಈಗ ಸರ್ಕಾರದ ಮುಂದಿರುವ ದಾರಿಗಳನ್ನು ನೋಡೋಣ. ಪ್ರತಿ ಹಾರಾಟಕ್ಕೆ ಇಷ್ಟು ಅಂತ ಕೊಡುವುದು ಎಲ್ಲಕ್ಕಿಂತ ಸುಲಭ. ಅಪಾಯ ಏನೆಂದರೆ ಸೀಟು ಮಾರುವ ಹುರುಪು ಕಂಪನಿಗೆ ಇರುವುದಿಲ್ಲ. ವರ್ಷ ವರ್ಷವೂ ಕಡತ ಓಡಾಡಬೇಕು. ಕಡತ ಒಂದು ತಿಂಗಳು ತಡವಾದರೆ ವಿಮಾನ ನಿಲ್ಲುತ್ತದೆ.

ಎರಡನೇ ದಾರಿ ಸೀಟು ಭರವಸೆ. ವಿಮಾನ ಇಷ್ಟು ಪಾಲು ತುಂಬುತ್ತದೆ, ತುಂಬದಿದ್ದರೆ ಆ ಕೊರತೆ ಮಾತ್ರ ನಾವು ಕೊಡುತ್ತೇವೆ ಅಂತ ಸರ್ಕಾರ ಹೇಳುವುದು. ಜನ ಹೆಚ್ಚಿದ ಹಾಗೆ ಸರ್ಕಾರದ ಖರ್ಚು ಇಳಿಯುತ್ತದೆ. ನನಗೆ ಇದು ಹೆಚ್ಚು ಇಷ್ಟ. ಆದರೆ ಇಲ್ಲಿ ಲೆಕ್ಕ ತಪಾಸಣೆ ಬಿಗಿಯಾಗಿರಬೇಕು. ಇಲ್ಲದಿದ್ದರೆ ದರ ಏರಿಸಿ, ಸೀಟು ಖಾಲಿ ಬಿಟ್ಟು, ಭರವಸೆ ಹಣದಲ್ಲೇ ದಿನ ದೂಡುವ ಸಾಧ್ಯತೆ ಇದೆ. ಎರಡು ದಾರಿಯಲ್ಲೂ ಒಪ್ಪಂದದಲ್ಲಿ ಹೊತ್ತನ್ನು ಬರೆಯಬೇಕು. ಬೆಳಿಗ್ಗೆ ಬೀದರ್‌ನಿಂದ ಹೋಗಬೇಕು, ಸಂಜೆ ವಾಪಸ್ ಬರಬೇಕು. ವಾರದ ಏಳು ದಿನ ಆಗದಿದ್ದರೆ ಮೂರೇ ದಿನ ಸಾಕು, ಆದರೆ ಆ ಮೂರು ದಿನ ತಪ್ಪಬಾರದು. ಇದಕ್ಕೆ ವಾಯುಪಡೆಯ ಒಪ್ಪಿಗೆಯೂ ಬೇಕು. ಅವರ ತರಬೇತಿಯ ಹೊತ್ತಿನ ನಡುವೆ ನಮಗೆ ಜಾಗ ಸಿಗಬೇಕು. ಕಂಪನಿ ಒಂದರಿಂದಲೇ ಇದು ಆಗುವುದಿಲ್ಲ, ರಾಜ್ಯವೇ ಕೂತು ಮಾತಾಡಬೇಕು.

ಇನ್ನೊಂದು ವಿಷಯಕ್ಕೆ ಇನ್ನೂ ಜಾಸ್ತಿ ಗಮನ ಸಿಗಬೇಕು ಅಂತ ನನಗೆ ಅನಿಸುತ್ತದೆ. ಬೀದರ್‌ನ ಗುರುದ್ವಾರ ನಾನಕ್ ಝೀರಾ ಸಾಹಿಬ್‌ಗೆ ದೂರದ ಪಂಜಾಬಿನಿಂದ ಭಕ್ತರು ಬರುತ್ತಾರೆ. ಹೆಚ್ಚಿನವರು ನಾಂದೇಡ್‌ನ ಹಜೂರ್ ಸಾಹಿಬ್‌ಗೂ ಹೋಗುವವರು. ಕೋಟೆ ನೋಡುವವರು ಬೇರೆ. ಬರೀ ಬೆಂಗಳೂರಿಗೆ ಹೋಗುವ ನಮ್ಮವರನ್ನೇ ಎಣಿಸದೆ, ಬೀದರ್‌ಗೆ ಬರುವವರನ್ನೂ ಎಣಿಸಿ ಮಾರ್ಗ ಜೋಡಿಸಿದರೆ ಒಂದಷ್ಟು ಸೀಟು ತುಂಬುತ್ತದೆ.

ಪೈಲಟ್ ತರಬೇತಿ ಶಾಲೆ ತಂದು ನಿಲ್ದಾಣ ಉಳಿಸುವ ದಾರಿಯೂ ಇದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ಕಡೆ ಇಂಥ ಶಾಲೆಗಳಿಗೆ ಜಾಗ ಕೊಟ್ಟಿತು. ಬೆಳಗಾವಿ, ಕಲಬುರಗಿ ಎರಡೂ ಅದರಲ್ಲಿವೆ. ಅಲ್ಲಿ ಇದು ಒಳ್ಳೆಯ ದಾರಿ. ಬೀದರ್‌ನಲ್ಲಿ ವಾಯುಪಡೆಯೇ ತರಬೇತಿ ನಡೆಸುವುದರಿಂದ ಕಷ್ಟ. ಅದೂ ಅಲ್ಲದೆ, ತರಬೇತಿ ವಿಮಾನ ಹಾರಿದರೆ ನಿಲ್ದಾಣಕ್ಕೆ ಬಾಡಿಗೆ ಬರುತ್ತದೆ, ನಿಮ್ಮ ತಾಯಿ ಬೆಂಗಳೂರಿಗೆ ಹೋಗುವುದಿಲ್ಲ.

ಕೊನೆಯ ದಾರಿ, ವಿಮಾನ ಬಿಟ್ಟು ನೆಲದ ಮೇಲಿನ ದಾರಿ ಗಟ್ಟಿ ಮಾಡುವುದು. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ತೆರೆಯಿತು. ಅದರ ಮೇಲೆ, ಕಲಬುರಗಿಯ ವಂದೇ ಭಾರತ್‌ಗೆ ಹೊಂದಿಕೊಳ್ಳುವ ಹಾಗೆ ಒಂದು ರೈಲು ಓಡಿಸಿದರೆ ಬಹಳ ಜನರಿಗೆ ಅನುಕೂಲ. ಬೀದರ್‌ನಿಂದ ಹೈದರಾಬಾದ್ ನಿಲ್ದಾಣದ ಬಾಗಿಲಿಗೇ ಹೋಗುವ ಒಳ್ಳೆಯ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಟ್ಟರೂ ಸಹಾಯ. ಖರ್ಚು ಬಹಳ ಕಡಿಮೆ. ನೀವು ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದರೆ ಬಸ್ಸಿನ ಪರ ಇರುವವರೂ ವಿಮಾನದ ಪರ ಇರುವವರೂ ಒಪ್ಪಬಹುದು. ಇದರ ಅಪಾಯ ಒಂದೇ: ಒಮ್ಮೆ ವಿಮಾನ ಕೈಬಿಟ್ಟರೆ, ಆಮೇಲೆ ಬೇಕು ಅಂದಾಗ ಮತ್ತೆ ತರುವುದು ಬಲು ಕಷ್ಟ.

ನಿಮ್ಮ ಜನಪ್ರತಿನಿಧಿಗಳನ್ನು ಏನು ಕೇಳಬೇಕು ಅಂತ ಯೋಚಿಸುತ್ತಿದ್ದರೆ, ವಿಮಾನ ಬಿಡಿ ಅಂತ ಮಾತ್ರ ಕೇಳಬೇಡಿ. ಪ್ರತಿ ತಿಂಗಳು ಎಷ್ಟು ಹಾರಾಟ ನಡೆಯಿತು, ಎಷ್ಟು ರದ್ದಾಯಿತು, ಎಷ್ಟು ಸೀಟು ತುಂಬಿತು, ಒಬ್ಬ ಪ್ರಯಾಣಿಕನಿಗೆ ಸರ್ಕಾರ ಎಷ್ಟು ಕೊಟ್ಟಿತು ಅಂತ ನಿಲ್ದಾಣದ ಗೋಡೆಯ ಮೇಲೆ ಹಾಕಿ ಅಂತ ಕೇಳಿ. ಅಮೆರಿಕದಲ್ಲಿ ದೊಡ್ಡ ನಿಲ್ದಾಣಕ್ಕೆ ಹತ್ತಿರದ ಊರಾದರೆ ಒಬ್ಬ ಪ್ರಯಾಣಿಕನಿಗೆ ಕೊಡುವ ನೆರವು ಇಷ್ಟನ್ನು ಮೀರಬಾರದು ಅನ್ನುವ ಮಿತಿ ಕಾನೂನಿನಲ್ಲೇ ಇದೆ. ನಮಗೂ ಅಂಥ ಒಂದು ಗೆರೆ ಬೇಕು. ಗೆರೆ ಇದ್ದರೆ ಉಳಿಸಿ ಅನ್ನುವವರಿಗೂ ಬೇಡ ಅನ್ನುವವರಿಗೂ ಮಾತಾಡಲು ನೆಲ ಸಿಗುತ್ತದೆ.

ಈಗ ನಿಮ್ಮ ಮನೆಗೆ ಬರುತ್ತೇನೆ.

ತಮ್ಮನಿಗೆ ಹೇಳಿ, ವಿಮಾನ ನೋಡಿ ಸೈಟು ಕೊಳ್ಳುವುದು ಬೇಡ. ಅದೂ ಸಾಲ ಮಾಡಿ ಬೇಡವೇ ಬೇಡ. ದಿನಕ್ಕೆ ಒಂದು ಸಣ್ಣ ವಿಮಾನ ಬರುವುದರಿಂದ ನೆಲದ ಬೆಲೆ ನಿಲ್ಲುವುದಿಲ್ಲ. ಅದರ ಮೇಲೆ ವಾಯುಪಡೆ ನೆಲೆಯ ಸುತ್ತ ಕಟ್ಟಡ ಕಟ್ಟಲು ದೂರದ, ಎತ್ತರದ ನಿಯಮಗಳಿವೆ, ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಮಾರುವವನು ಇದನ್ನು ಹೇಳುವುದಿಲ್ಲ. ಬೇರೆ ಕಾರಣಕ್ಕೆ ಆ ಜಾಗ ಬೇಕೇ ಬೇಕು ಅಂದರೆ ಮೊದಲು ಆ ಪತ್ರದ ವಿಷಯ ವಿಚಾರಿಸಲಿ, ಆಮೇಲೆ ಮುಂಗಡ ಕೊಡಲಿ.

ತಾಯಿಯ ವಿಷಯ. ವಿಮಾನ ಇರುವಾಗ ಖಂಡಿತ ಬಳಸಿ. ಆದರೆ ತಪಾಸಣೆಯ ದಿನವೇ ಬೆಳಿಗ್ಗೆ ಹಾರುವ ಹಾಗೆ ಇಟ್ಟುಕೊಳ್ಳಬೇಡಿ. ಒಂದು ದಿನ ಮುಂಚೆ ಹೋಗಿ. ವಾಪಸ್ ಬರುವುದಕ್ಕೆ ಬಿಗಿ ಬೇಡ, ಅದು ಒಂದು ದಿನ ತಡವಾದರೂ ನಡೆಯುತ್ತದೆ. ಕಂಪನಿ ವಿಮಾನ ರದ್ದು ಮಾಡಿದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ಕೇಳುವ ಹಕ್ಕು ನಿಮಗಿದೆ. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮದಂತೆ ಪರಿಹಾರವೂ ಇದೆ. ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ 7,500 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹವಾಮಾನ ಕೆಟ್ಟು ರದ್ದಾದರೆ ಈ ಪರಿಹಾರ ಇಲ್ಲ. ಟಿಕೆಟ್ ಮಾಡುವಾಗ ನಿಮ್ಮದೇ ಫೋನ್ ನಂಬರ್ ಕೊಡಿ, ಏಜೆಂಟರ ನಂಬರ್ ಕೊಟ್ಟರೆ ರದ್ದಾದ ಸಂದೇಶ ಅವರಿಗೆ ಹೋಗುತ್ತದೆ. ಇದರಿಂದ ಗೇಟಿನಲ್ಲಿ ಬಂದು ನಿಂತು ಅತ್ತವರನ್ನು ನಾನು ನೋಡಿದ್ದೇನೆ.

ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿಬಿಡಿ. ಸಣ್ಣ ವಿಮಾನಕ್ಕೆ ಮೆಟ್ಟಿಲು ಹತ್ತಬೇಕು, ಸಹಾಯಕ್ಕೆ ಜನ ಬೇಕು ಅಂತಲೂ ತಿಳಿಸಿ. ಇನ್ನೊಂದು ಮಾತು: ಎರಡು ತಿಂಗಳಿಗೊಮ್ಮೆ ಮಾಡುವ ರಕ್ತ ಪರೀಕ್ಷೆ, ಸ್ಕ್ಯಾನು ಬೀದರ್‌ನಲ್ಲೇ ಮಾಡಿಸಿ ವರದಿ ಕಳಿಸಬಹುದಾ, ಡಾಕ್ಟರು ಫೋನಿನಲ್ಲಿ ನೋಡುತ್ತಾರಾ ಅಂತ ಕೇಳಿ. ಎರಡು ಸಲಕ್ಕೆ ಒಂದು ಸಲ ಹೋದರೆ ಸಾಕು ಅಂತ ಅವರು ಹೇಳಿದರೆ, ವರ್ಷಕ್ಕೆ ಆರು ಪ್ರಯಾಣ ಮೂರಾಗುತ್ತದೆ. ವಿಮಾನ ನಿಂತ ತಿಂಗಳಲ್ಲಿ ಹೈದರಾಬಾದ್‌ವರೆಗೆ ಕಾರು ಮಾಡಿ, ನಡುವೆ ಜಹೀರಾಬಾದ್‌ನಲ್ಲಿ ಅರ್ಧ ತಾಸು ನಿಲ್ಲಿಸಿ. ಅವರು ಸ್ವಲ್ಪ ಓಡಾಡಿ ಕಾಲು ಸಡಿಲ ಮಾಡಿಕೊಳ್ಳಲಿ.